ಆಲೆಮನೆಯ ಕಾನೂನು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನನ್ನ ವಿದ್ಯಾರ್ಥಿಗಳು ಹೇಳುತ್ತಾರೆ. ದಿನಾ ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಜೋತುಬಿದ್ದು ಬಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು ನಾನು. ತರಗತಿಗೆ ಕಾಲಿಡುವ ಹೊತ್ತಿಗೆ ಅರ್ಧ ಕೋಪವನ್ನು ಕಂಡಕ್ಟರನ ಮೇಲೆ ಖರ್ಚು ಮಾಡಿರುತ್ತೇನೆ, ಉಳಿದರ್ಧ ಮಕ್ಕಳ ಪಾಲು. ಅವರೂ ಒಗ್ಗಿಹೋಗಿದ್ದಾರೆ. ಒಂದು ದಿನ ನಾನು ಸುಮ್ಮನೆ ಪಾಠ ಮುಗಿಸಿ ಹೊರಟರೆ, ಹಿಂದಿನ ಬೆಂಚಿನಿಂದ ಪಿಸುಮಾತು ಕೇಳಿಸಿತು: "ಮೇಡಂ ಬೈಲಿಲ್ಲ ಅಂದ್ರೆ ಉಸಾರಿಲ್ಲ ಅಂತ ಕಣ್ಲಾ."

ಇಂಥ ನನಗೆ ನಮ್ಮ ಪ್ರಾಂಶುಪಾಲರು ಒಂದು ಹೊಸ ಕೆಲಸ ಅಂಟಿಸಿದರು. ಕೃತಿಸ್ವಾಮ್ಯದ ಬಗ್ಗೆ ಮಕ್ಕಳಿಗೆ ತಿಳಿಸಿಕೊಡಬೇಕು. ಅಂದರೆ, ಬೇರೆಯವರು ಬರೆದದ್ದು, ಹಾಡಿದ್ದು, ತೆಗೆದ ಚಿತ್ರ, ಇವನ್ನು ವಿದ್ಯಾರ್ಥಿಗಳು ಎಷ್ಟರಮಟ್ಟಿಗೆ ಬಳಸಬಹುದು, ಎಲ್ಲಿಗೆ ಕೈ ಹಿಂದಕ್ಕೆ ತೆಗೆಯಬೇಕು ಎಂಬುದು. ಕಾನೂನಿಗೂ ನನಗೂ ಎಲ್ಲಿಯ ನಂಟು ಎಂದು ಕೇಳಿದೆ. ನೀವು ಹೇಳಿದರೆ ಹೆದರಿಕೊಂಡಾದರೂ ಕೇಳುತ್ತಾರೆ ಎಂದರು. ಹೊಗಳಿಕೆಯೋ ಬೈಗುಳವೋ ತಿಳಿಯದೆ ಒಪ್ಪಿಕೊಂಡೆ.

ಅವರು ಕೈಗಿತ್ತ ಹಾಳೆಗಳನ್ನು ಓದಿದರೆ ತಲೆ ಕೆಟ್ಟು ಕೆರ ಹಿಡಿಯಿತು. ಒಂದೊಂದು ವಾಕ್ಯವೂ ಮದ್ದೂರಿನಲ್ಲಿ ಶುರುವಾಗಿ ಮಂಡ್ಯದಲ್ಲಿ ಮುಗಿಯುತ್ತಿತ್ತು. 'ನ್ಯಾಯಯುತ ಬಳಕೆ' ಎಂದು ಬರೆದಿದ್ದರು, ನ್ಯಾಯ ಎಲ್ಲಿಗೆ ಮುಗಿಯುತ್ತದೆ ಎಂದು ಬರೆದಿರಲಿಲ್ಲ. ನಾನೂ ಅದನ್ನೇ ಒದರಿದೆ. ಅರ್ಧ ತರಗತಿ ಕಣ್ಣು ತೆರೆದುಕೊಂಡೇ ನಿದ್ದೆ ಹೋಯಿತು. ಕೊನೆಗೆ, ಸದಾ ಬಾಯಿ ಮುಂದೆ ಮಾಡುವ ಹುಡುಗನೊಬ್ಬ ಎದ್ದು ನಿಂತ.

"ಕೊನೇಲಿ 'ಕೃಪೆ' ಅಂತ ಆಕ್ಬುಟ್ರೆ ಮುಗೀತಲ್ವಾ ಮೇಡಂ?"

ತರಗತಿ ಪೂರ್ತಿ ಎಚ್ಚರವಾಗಿ ಹೌದೌದು ಎಂದು ತಲೆ ಆಡಿಸಿತು. ಅವರ ತಪ್ಪೂ ಅಲ್ಲ. ನಮ್ಮ ಕಡೆ ಕೃಪೆ ಎಂಬುದು ಒಂದು ಗಂಧದಕಡ್ಡಿ, ಹಚ್ಚಿಟ್ಟರೆ ಎಲ್ಲ ದೋಷವೂ ಪರಿಹಾರ. ಬ್ಯಾನರಿನಲ್ಲಿ, ಕರಪತ್ರದಲ್ಲಿ, ಗೋಡೆಪತ್ರಿಕೆಯಲ್ಲಿ, ಯಾರದ್ದೋ ಚಿತ್ರ ಎತ್ತಿ ಹಾಕಿ ಕೆಳಗೆ 'ಕೃಪೆ: ಅಂತರ್ಜಾಲ' ಎಂದು ಬರೆದುಬಿಡುತ್ತೇವೆ. ಅಂತರ್ಜಾಲ ಎಂಬ ಪುಣ್ಯಾತ್ಮ ಯಾವ ಊರಿನವನೋ, ಪಾಪ, ಎಲ್ಲರಿಗೂ ಕೊಡುತ್ತಲೇ ಇದ್ದಾನೆ. ಹೆಸರು ಹೇಳುವುದು ಬೇರೆ, ಕೇಳಿ ತೆಗೆದುಕೊಳ್ಳುವುದು ಬೇರೆ ಎಂದು ಗಂಟಲು ಹರಿಯುವಂತೆ ಹೇಳಿದೆ. ಗಂಟೆ ಹೊಡೆಯಿತು. ಎಲ್ಲರೂ ಸಂತೋಷವಾಗಿ ಎದ್ದು ಹೋದರು.

ಅದೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಮಳವಳ್ಳಿ ಪೇಟೆಯ ಮೆಕಾನಿಕ್ ಒಬ್ಬರ ಮಗಳು. ಮಾತು ಕಡಿಮೆ, ಕಣ್ಣು ಚುರುಕು. ಕೈಯಲ್ಲಿ ಅಂಚು ಒಡೆದ ಒಂದು ಫೋನು. ಆ ಫೋನಿನಲ್ಲೇ ಅವಳು, ಆ ಬಾಯಿಮುಂದಿನ ಹುಡುಗನೂ ಸೇರಿದಂತೆ ನಾಲ್ಕಾರು ಜನ ಗೆಳೆಯರನ್ನು ಕಟ್ಟಿಕೊಂಡು ಆಲೆಮನೆಯ ಮೇಲೆ ಒಂದು ಚಿಕ್ಕ ಚಿತ್ರ ಮಾಡಿದ್ದಳು. ಅವಳ ತಂದೆ ಸುತ್ತಮುತ್ತಲ ಆಲೆಮನೆಗಳ ಗಾಣದ ಇಂಜಿನ್ ರಿಪೇರಿ ಮಾಡುವವರು. ಅವರ ಹಿಂದೆ ಹೋಗಿ ಹೋಗಿ ಎಲ್ಲವನ್ನೂ ಹಿಡಿದುಕೊಂಡು ಬಂದಿದ್ದಳು: ಗಾಣದ ಬಾಯಿಗೆ ತಲೆ ಕೊಡುವ ಕಬ್ಬು, ಕೊಪ್ಪರಿಗೆಯಲ್ಲಿ ಉಕ್ಕುವ ಕಬ್ಬಿನ ಹಾಲು, ಒಲೆಗೆ ಸಿಪ್ಪೆ ತಳ್ಳುವ ಹೆಂಗಸಿನ ಬೆವರಿದ ಮುಖ, ಅಚ್ಚಿನಿಂದ ಉದುರುವ ಬೆಲ್ಲ. ಮಂಡ್ಯದಲ್ಲಿ ಜಿಲ್ಲೆಯ ಕಾಲೇಜುಗಳ ಕಿರುಚಿತ್ರ ಸ್ಪರ್ಧೆ ಇತ್ತು. ಅದಕ್ಕೆ ಕಳಿಸುವ ಮುಂಚೆ ಗೆಳೆಯರ ಜೊತೆ ನನಗೆ ತೋರಿಸಲು ಬಂದಳು.

ನೋಡುತ್ತಾ ನೋಡುತ್ತಾ ನನಗೆ ಬೆಲ್ಲದ ವಾಸನೆಯೇ ಬಂದಂತಾಯಿತು. ಎಂಥ ಕಣ್ಣಮ್ಮ ಈ ಹುಡುಗಿಯದು ಎಂದುಕೊಳ್ಳುವಷ್ಟರಲ್ಲಿ, ಕೊಪ್ಪರಿಗೆ ಇಳಿಸುವ ದೃಶ್ಯಕ್ಕೆ ಒಂದು ಸಿನಿಮಾ ಹಾಡು ಶುರುವಾಯಿತು. ಪಲ್ಲವಿ, ಚರಣ, ಮತ್ತೆ ಪಲ್ಲವಿ, ಇಡೀ ಹಾಡು. ಆಮೇಲೆ ಕೃತಜ್ಞತೆಯ ಪಟ್ಟಿ ಬಂತು. ಲಗ್ನಪತ್ರಿಕೆಯ ಹಾಗೆ ಮೊದಲು ಊರದೇವತೆ, ಆಮೇಲೆ ತಂದೆತಾಯಿ, ಪ್ರಾಂಶುಪಾಲರು, ನಾನು, ಟೀ ಅಂಗಡಿಯವರು. ಕಟ್ಟಕಡೆಗೆ, 'ಹಾಡಿನ ಕೃಪೆ: ಅಂತರ್ಜಾಲ'.

ಪಿತ್ತ ನೆತ್ತಿಗೇರಿತು. ಸ್ಪರ್ಧೆಯ ನಿಯಮ ತೆಗೆದು ಅವರ ಮುಂದೆ ಹಿಡಿದೆ. ಬೇರೆಯವರ ಹಾಡು ಬಳಸಿದ್ದರೆ ಒಡೆಯರ ಅನುಮತಿ ಇರಬೇಕು, ಇಲ್ಲದಿದ್ದರೆ ಚಿತ್ರ ಹೊರಗೆ ಎಂದು ದಪ್ಪಕ್ಷರದಲ್ಲೇ ಇತ್ತು. ಆಯ್ಕೆಯಾದವನ್ನು ಮಂಡ್ಯದ ಸಭಾಂಗಣದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಿ, ಆಮೇಲೆ ಅಂತರ್ಜಾಲಕ್ಕೂ ಏರಿಸುತ್ತಾರೆ. ಬಾಯಿಮುಂದಿನ ಹುಡುಗ ಅರ್ಧ ನಿಮಿಷದಷ್ಟೇ ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲವಂತೆ ಎಂದ. ಇನ್ನೊಬ್ಬ, ದನಿಯನ್ನು ಸ್ವಲ್ಪ ಕೀರಲು ಮಾಡಿದರೆ ಕಂಪ್ಯೂಟರಿಗೆ ಗುರುತೇ ಸಿಗುವುದಿಲ್ಲ ಎಂದ. ಕದ್ದ ಎಮ್ಮೆಗೆ ಬಣ್ಣ ಬಳಿದರೆ ಅದು ನಿನ್ನದಾಗುತ್ತದೇನೋ ಎಂದು ಗದರಿದೆ.

ಹುಡುಗಿ ಮಾತ್ರ ಗೋಡೆಗೆ ಒರಗಿ ನಿಂತುಬಿಟ್ಟಿದ್ದಳು. ಏನಮ್ಮ ಎಂದು ಕೇಳಿದೆ. ಆಗ ಗೊತ್ತಾಯಿತು. ಅಬ್ಬ ಎಂದು ಅವಳು ಕರೆಯುವ ತಂದೆ ವರ್ಷವಿಡೀ ಈ ಫೋನನ್ನು ಬೈದುಕೊಂಡೇ ಬಂದವರು. ಓದುವ ಹುಡುಗಿಗೆ ಇದೆಂಥ ಆಟ ಎಂದು ದಿನಾ ರಗಳೆ. ಮಂಡ್ಯದಲ್ಲಿ ದೊಡ್ಡ ಪರದೆಯ ಮೇಲೆ ಬರುತ್ತದೆ ಎಂದು ಇವಳು ಹೇಳಿದ ದಿನ ಮಾತ್ರ ಸಂಜೆಯೊಳಗೆ ಇಡೀ ಬೀದಿಗೆ ಸಾರಿಬಿಟ್ಟಿದ್ದರು. ಆಯ್ಕೆಗೂ ಮುಂಚೆಯೇ ಗ್ಯಾರೇಜಿಗೆ ರಜ, ಟೆಂಪೊ ಗೊತ್ತು ಮಾಡಿ ಆಗಿದೆ, ಬೀದಿಯವರೆಲ್ಲ ಹೊರಡುವವರೇ.

"ಇದೊಂದು ಕೆಟ್ಟೋದ್ರೆ ಅಬ್ಬ ಇನ್ ಫೋನ್ ಮುಟ್ಟಕ್ಕೆ ಬುಡಲ್ಲ ಮೇಡಂ. ಆಟ ಅಂದಿದ್ದು ನಿಜ ಆಯ್ತದೆ."

ನನ್ನ ಕೋಪ ಅಲ್ಲೇ ಇಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರದಂತಾಗಿತ್ತು ಅವಳ ಸ್ಥಿತಿ. ಚಿತ್ರ ಕಳಿಸಲು ಉಳಿದಿದ್ದುದು ಇನ್ನೊಂದೆರಡು ದಿನ. ಹಾಡಿನ ಒಡೆತನದ ಕಂಪನಿಗೆ ಅಲ್ಲೇ ಕೂತು ಒಂದು ಮಿಂಚಂಚೆ ಬರೆಸಿದೆ. ನಿಮ್ಮ ಪತ್ರ ತಲುಪಿದೆ ಎಂದು ತಕ್ಷಣ ಯಂತ್ರವೊಂದು ಉತ್ತರ ಕೊಟ್ಟಿತು. ಮನುಷ್ಯರು ಕೊಡಲಿಲ್ಲ.

ಆದರೆ ಬರೀ ಇದು ಕೂಡದು ಎಂದು ಹೇಳಿ ಬಿಡಲು ನನಗೆ ಮನಸ್ಸಾಗಲಿಲ್ಲ. ಯಾಕೆ ಕೂಡದು ಎಂಬುದು ಅವರ ತಲೆಗೆ ಹೋಗಬೇಕಿತ್ತು. ಫೋನಿನ ಪರದೆಯಲ್ಲಿ ಕೊಪ್ಪರಿಗೆಯ ದೃಶ್ಯ ನಿಂತಿತ್ತು. ಅದನ್ನು ನೋಡುತ್ತಿದ್ದಂತೆ ನನಗೆ ಬೆಸಗರಹಳ್ಳಿಯ ಹತ್ತಿರದ ನಮ್ಮ ಊರು ನೆನಪಾಯಿತು. ನಮ್ಮ ತಾತನ ಆಲೆಮನೆ, ಅದನ್ನು ಆಳುತ್ತಿದ್ದ ನಮ್ಮ ಅಜ್ಜಿ. ನನ್ನ ಕೋಪ ಆ ಮುದುಕಿಯ ಆಸ್ತಿಯೇ, ಪಾಲಿನಲ್ಲಿ ನನಗೆ ಬಂದದ್ದು.

ಆಲೆಮನೆಗೆ ಯಾರು ಬಂದರೂ ಬರಿಗಂಟಲಲ್ಲಿ ಕಳಿಸುವ ಹಾಗಿರಲಿಲ್ಲ. ಬಸ್ಸು ತಪ್ಪಿದವರು, ಶಾಲೆಯಿಂದ ಬರುವ ಮಕ್ಕಳು, ಬಳೆ ಮಾರುವವಳು, ಯಾರಾದರಾಗಲಿ, ಚೊಂಬಿಗೆ ಕಬ್ಬಿನ ಹಾಲು ಬಗ್ಗಿಸುವುದೇ, ಕಬ್ಬಿನ ತುಂಡಿನ ತುದಿಗೆ ಬಿಸಿ ಬೆಲ್ಲ ಸುತ್ತಿ ಕೊಡುವುದೇ. ಹೊಟ್ಟೆ ಹಿಡಿದಷ್ಟು. ಅದಕ್ಕೆ ಕಾಸಿಲ್ಲ, ಕೇಳುವುದೂ ಇಲ್ಲ. ಬಂದವರು ಕುಡಿಯದೆ ಹೋದರೇ ಅಜ್ಜಿಗೆ ಅವಮಾನ. ಒಂದು ಸಲ ನಮ್ಮ ದೂರದ ನೆಂಟನೊಬ್ಬ ಬಂದ. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಗಿರಾಕಿ. ಕುಡಿದ, ತಿಂದ, ತೇಗಿದ. ಹೋಗುವಾಗ ಚೀಲದಲ್ಲಿ ಅಚ್ಚುಬೆಲ್ಲ ತುರುಕಿಕೊಂಡು ಸದ್ದಿಲ್ಲದೆ ಹೊರಟ. ಮೊದಲೊಂದು ಸಲ ಹೀಗೇ ಒಯ್ದದ್ದನ್ನು ಮದ್ದೂರು ಸಂತೆಯಲ್ಲಿ ನಮ್ಮ ಬೆಲ್ಲದ ಪಕ್ಕದಲ್ಲೇ ಕೂತು ಮಾರಿದ್ದನಂತೆ, ಮಹಾನುಭಾವ. ಅಜ್ಜಿ ದಾರಿಗೆ ಅಡ್ಡ ನಿಂತು, ಎಲ್ಲರ ಮುಂದೆ ಹೇಳಿದ ಮಾತು ನಮ್ಮ ಊರಿನಲ್ಲಿ ಗಾದೆಯೇ ಆಗಿಹೋಯಿತು.

"ಒಟ್ಟೆಗೆ ಎಷ್ಟ್ ಬೇಕಾದ್ರೂ ಆಕ್ಕೊ. ಚೀಲಕ್ಕೆ ಆಕ್ಕೊಳದಾದ್ರೆ ಕೇಳ್ಬುಟ್ ಆಕ್ಕೊ."

ಕೇಳಿದ್ದರೆ ಅವಳೇ ಚೀಲ ತುಂಬಿ ಹೊರಿಸಿ ಕಳಿಸುತ್ತಿದ್ದಳು. ಬಾಣಂತಿಯ ಮನೆಗೆ, ಮದುವೆ ಮನೆಗೆ ಹಾಗೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ.

ಈ ಕತೆ ಹೇಳಿ ಮಕ್ಕಳಿಗೆ ಬಿಡಿಸಿಟ್ಟೆ. ಒಂದು ಪದ್ಯದ ನಾಲ್ಕು ಸಾಲು ಎತ್ತಿಕೊಂಡು ಅದರ ಮೇಲೆ ನಿಮ್ಮ ಮಾತು ಬರೆಯುತ್ತೀರಿ, ಅದು ಆಲೆಮನೆಯಲ್ಲಿ ಕೂತು ಬೆಲ್ಲ ನೆಕ್ಕಿದ ಹಾಗೆ. ಪಾಠಕ್ಕೆಂದು ತರಗತಿಯಲ್ಲಿ ಹಾಡು ಹಾಕುತ್ತೇವೆ, ಕಾಲೇಜಿನ ದಿನ ನಮ್ಮ ಮಕ್ಕಳು, ನಮ್ಮ ಮೇಷ್ಟರು, ತಂದೆತಾಯಿಗಳ ಮುಂದೆ ಹಾಡುತ್ತೇವೆ, ಅದಕ್ಕೂ ಕಾನೂನು ಜಾಗ ಬಿಟ್ಟಿದೆ, ಅದು ಚೊಂಬಿನಲ್ಲಿ ಕುಡಿದ ಹಾಗೆ. ಇಡೀ ಪುಸ್ತಕವನ್ನು ಜೆರಾಕ್ಸ್ ಮಾಡಿ ಊರಿಗೆಲ್ಲ ಹಂಚಿದರೆ, ಇಡೀ ಹಾಡನ್ನು ಹೊತ್ತುಕೊಂಡು ಮಂಡ್ಯದ ಪರದೆಗೆ, ಅಲ್ಲಿಂದ ಲೋಕಕ್ಕೆಲ್ಲ ಒಯ್ದರೆ, ಅದು ಚೀಲ. ಎಷ್ಟು ತುಂಡಾದರೆ ಹೊಟ್ಟೆ, ಎಷ್ಟಾದರೆ ಚೀಲ ಎಂದು ಬಾಯಿಮುಂದಿನ ಹುಡುಗ ಅಳತೆ ಕೇಳಿದ. ಅಜ್ಜಿ ಎಂದೂ ತಕ್ಕಡಿ ಹಿಡಿದು ಕೂತವಳಲ್ಲ ಎಂದೆ. ಯಾತಕ್ಕೆ ತಗೊಂಡೆ, ಎಷ್ಟು ತಗೊಂಡೆ, ನಮ್ಮ ಸಂತೆ ವ್ಯಾಪಾರಕ್ಕೆ ಪೆಟ್ಟು ಬಿತ್ತೋ ಇಲ್ಲವೋ ಎಂದು ನೋಡುತ್ತಿದ್ದಳು. ಕಾನೂನು ನೋಡುವುದೂ ಹೆಚ್ಚುಕಡಿಮೆ ಅದನ್ನೇ.

ಈ ಸಲ ಯಾರೂ ನಿದ್ದೆ ಹೋಗಲಿಲ್ಲ. ಹುಡುಗಿ ನಿಧಾನವಾಗಿ ಹೇಳಿದಳು, "ಅಂಗಾದ್ರೆ ನಾವು ಕೊಪ್ಪರಿಗೆನೇ ಎತ್ಕೊಂಡ್ ಬಂದಿದ್ದೀವಿ ಮೇಡಂ." ಹೇಳಿ, ತಾನೇ ಮೊದಲು ನಕ್ಕಳು. ನಾವೆಲ್ಲ ನಕ್ಕೆವು. ನಕ್ಕ ಮೇಲೆ, ಹಾಡು ತೆಗೆದುಹಾಕಿದಳು. ತೆಗೆದ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು.

ಮರುದಿನ ಕಾಲೇಜು ಮುಗಿಸಿ ನಾನೇ ಅವಳ ಜೊತೆ ಗ್ಯಾರೇಜಿಗೆ ಹೋದೆ. ಅಬ್ಬನಿಗೆ ವಿಷಯ ಹೇಳಲು ಅವಳಿಗೆ ಒಬ್ಬಳಿಗೇ ಧೈರ್ಯವಿರಲಿಲ್ಲ. ಬಾಯಿಮುಂದಿನ ಹುಡುಗನೂ ಕರೆಯದೆಯೇ ಹಿಂದೆ ಬಂದ. ಅವಳ ತಂದೆಯದು ಮನೆಯಲ್ಲಿ ಉರ್ದು, ಗ್ಯಾರೇಜಿನಲ್ಲಿ ಅಪ್ಪಟ ಮಳವಳ್ಳಿ ಕನ್ನಡ. ನನ್ನನ್ನು ಕಂಡು ಮಗಳು ಏನೋ ಕಿತಾಪತಿ ಮಾಡಿದ್ದಾಳೆಂದೇ ತಿಳಿದು, ಎಣ್ಣೆ ಕೈಯಲ್ಲೇ ಸ್ಟೂಲು ಒರೆಸಿ ಕೂರಿಸಿದರು. ನನ್ನ ಸೀರೆಯ ಗತಿ ಹೇಳುವಂತಿಲ್ಲ. ವಿಷಯ ಕೇಳಿ ಅವರಿಗೆ ಭಾರಿ ನಿರಾಳವಾಯಿತು. ಇಷ್ಟೇ ತಾನೇ, ಒಂದು ಹಾಡು ಬೇಕು, ಅಷ್ಟೇ ತಾನೇ? ನಾನೇ ಹೇಳುತ್ತೀನಿ ಎಂದು ಶುರುಮಾಡಿಯೇಬಿಟ್ಟರು.

ಅವರ ಗಂಟಲಿನ ಹಾಡುಗಳಿಗೆ ಬರವೇ ಇರಲಿಲ್ಲ. ಹಳೇ ಸಿನಿಮಾದ್ದೊಂದು. ಅದೂ ಬೇರೆಯವರದು ಎಂದೆ. ಇನ್ನೂ ಹಳೇದೊಂದು. ಅದೂ ಬೇರೆಯವರದೇ. ಹಿಂದಿಯದು, ಅದೂ. ನೀವೇ ಹಾಡಿದರೂ ರಾಗ ಕಟ್ಟಿದವರು, ಪದ ಬರೆದವರು ಬೇರೆ ಇದ್ದಾರೆ ಎಂದು ನಾನು ಪ್ರತಿ ಸಲವೂ ತಡೆಯುತ್ತಾ ಹೋದೆ. ಅವರಿಗೆ ರೇಗಿತು. ಈ ಲೋಕದಲ್ಲಿ ಒಡೆಯನಿಲ್ಲದ್ದು ಏನಾದರೂ ಉಂಟೇ ಎಂದು ಕೇಳಿ, ನನ್ನ ಮೇಲಿನ ಸಿಟ್ಟನ್ನು ಮುಂದೆ ಬಿದ್ದಿದ್ದ ಇಂಜಿನ್ನಿನ ಮೇಲೆ ತೋರಿಸಲು ಹೋದರು. ಯಾವುದೋ ಆಲೆಮನೆಯಿಂದ ಬಂದ ಇಂಜಿನ್ ಅದು. ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಿದರು. ಕಿವಿ ಹತ್ತಿರ ಒಯ್ದು, ಕಣ್ಣು ಮುಚ್ಚಿ, ಅದು ಕುಟ್ಟುವ ತಾಳಕ್ಕೆ ಗಂಟಲಿನಲ್ಲೇ ಏನೋ ಗುನುಗತೊಡಗಿದರು. ಪದವಿಲ್ಲ, ಬರೀ ದನಿ. ಇಂಜಿನ್ನು ಒಂದು ಹೊಡೆತ ತಪ್ಪಿದಾಗ ಅವರ ದನಿಯೂ ಅಲ್ಲೇ ಮುಗ್ಗರಿಸಿತು. ಸ್ಪ್ಯಾನರಿನಿಂದ ಎಲ್ಲೋ ಒಂದು ಕಡೆ ಬಿಗಿದರು. ದನಿ ಮತ್ತೆ ಹರಿಯಿತು, ಈ ಸಲ ಎಲ್ಲೂ ತಡೆಯಿಲ್ಲದೆ, ಏರುತ್ತಾ, ಇಳಿಯುತ್ತಾ.

ಹುಡುಗಿಯ ಕಡೆ ನೋಡಿದರೆ ಅವಳೂ ನನ್ನನ್ನೇ ನೋಡುತ್ತಿದ್ದಳು.

ಇದು ಯಾರ ಹಾಡು ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇದೆಲ್ಲಿಯ ಹಾಡು, ಇಂಜಿನ್ನು ಸಮಕ್ಕೆ ಕುಟ್ಟುತ್ತದೋ ಇಲ್ಲವೋ ನೋಡುವ ಬಗೆ ಎಂದರು. ಕೆಲಸ ಕಲಿಸಿದ ಉಸ್ತಾದರಿಂದ ಬಂದದ್ದೇ ಎಂದರೆ, ಇಲ್ಲ, ಉಸ್ತಾದರು ಕಿವಿಗೆ ಸ್ಕ್ರೂಡ್ರೈವರ್ ಇಟ್ಟುಕೊಂಡು ಕೇಳುತ್ತಿದ್ದರು, ಇದು ತಮಗೇ ತಾನಾಗಿ ರೂಢಿಯಾದದ್ದು ಎಂದರು. ಚಿಕ್ಕಂದಿನಿಂದ ಇದನ್ನು ಕೇಳಿಕೊಂಡೇ ನಿದ್ದೆ ಮಾಡಿದ್ದೀನಿ ಮೇಡಂ ಎಂದಳು ಹುಡುಗಿ. ಆಮೇಲೆ ಅಬ್ಬನ ಮುಂದೆ ನಿಂತು, ಪರೀಕ್ಷೆಗೆ ನಿಂತವಳ ಹಾಗೆ ಕೈಕಟ್ಟಿ, ಈ ದನಿಯನ್ನು ನನ್ನ ಚಿತ್ರಕ್ಕೆ ಕೊಡುತ್ತೀರಾ ಎಂದು ಕೇಳಿದಳು.

ಅವರು ಖಡಾಖಂಡಿತ ಆಗದು ಎಂದುಬಿಟ್ಟರು. ಬೀದಿಯವರೆಲ್ಲ ಕೂತಿರುತ್ತಾರೆ, ಈ ವಯಸ್ಸಿನಲ್ಲಿ ನಾನು ಗುನುಗುವುದನ್ನು ಕೇಳಿ ನಗುತ್ತಾರೆ, ನನಗೆ ತಲೆ ಎತ್ತಿ ತಿರುಗಾಡಬೇಕೋ ಬೇಡವೋ? ನನಗೆ ತಡೆಯಲಾಗಲಿಲ್ಲ. ಮಗಳ ವರ್ಷದ ಶ್ರಮ ಮಣ್ಣುಪಾಲಾಗುತ್ತಿದೆ, ನಿಮಗೆ ನಾಚಿಕೆಯ ಚಿಂತೆಯೇ ಎಂದು ಗಂಟಲೇರಿಸಿದೆ. ಬಾಯಿಮುಂದಿನ ಹುಡುಗ, ಹೇಗೂ ಈಗ ಗುನುಗಿದ್ದು ನನ್ನ ಫೋನಿನಲ್ಲಿ ಇದೆ, ಹಾಕಿಬಿಡೋಣ ಎಂದು ನನ್ನ ಕಿವಿಯಲ್ಲಿ ಉಸುರಿದ. ಹುಡುಗಿಗೆ ಅದು ಕೇಳಿಸಿತು. ಅವನ ಕೈಯಿಂದ ಫೋನು ತೆಗೆದುಕೊಂಡು, ಅದನ್ನು ಅಲ್ಲೇ ಅಳಿಸಿಹಾಕಿದಳು. ಆ ಹುಡುಗಿಯ ಮುಖದಲ್ಲಿ ಅಷ್ಟು ಖಚಿತ ನೋಟವನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಬ್ಯಾಡ ಅಂದ್ರೆ ಬ್ಯಾಡ ಬುಡಿ ಮೇಡಂ," ಎಂದಳು. "ಅದು ಅವರ್ದು."

ಇಂಜಿನ್ನು ಇನ್ನೂ ಕುಟ್ಟುತ್ತಲೇ ಇತ್ತು. ಅವಳ ತಂದೆ ಮಗಳ ಕಡೆ ತಿರುಗಿದರು. ಫೋನು ಹಿಡಿದು ಆಟವಾಡುವ ಹುಡುಗಿ ಕೈಗೆ ಸಿಕ್ಕಿದ್ದನ್ನು ಬೇಕೆಂದೇ ಬಿಟ್ಟಿದ್ದಳು. ನಿಂಗ್ ಅಷ್ಟು ಬೇಕಾ ಎಂದು ಕೇಳಿದರು. ಬೇಕು, ಆದರೆ ನೀವು ಕೊಟ್ಟರೆ ಎಂದಳು. ಅವರು ಎಣ್ಣೆ ಬಟ್ಟೆಗೆ ಕೈ ಒರೆಸಿಕೊಂಡರು, ಗಂಟಲು ಸರಿಮಾಡಿಕೊಂಡರು, ತಲೆಯ ಟೋಪಿಯನ್ನೂ ಸರಿಮಾಡಿಕೊಂಡರು. ದನಿ ಹಿಡಿಯುವುದಕ್ಕೆ ಟೋಪಿ ಯಾಕೆ ಎಂದು ನನಗೆ ನಗು ಬಂದರೂ ನುಂಗಿಕೊಂಡೆ.

"ಇಡ್ಕೊಳಮ್ಮ," ಎಂದರು. "ಸರ್ಯಾಗ್ ಇಡ್ಕೊ."

ಚಿತ್ರ ಸಮಯಕ್ಕೆ ಹೋಯಿತು, ಆಯ್ಕೆಯೂ ಆಯಿತು. ಮಂಡ್ಯದ ಸಭಾಂಗಣದಲ್ಲಿ ಎರಡು ಸಾಲು ಕುರ್ಚಿ ಪೂರ್ತಿ ಮಳವಳ್ಳಿಯ ಆ ಬೀದಿಯೇ. ಟೀ ಅಂಗಡಿಯವರು, ಪಂಕ್ಚರ್ ಅಂಗಡಿಯವರು, ಬುರ್ಖಾ ತೊಟ್ಟ ಅತ್ತೆಯರು, ಪಕ್ಕದ ಮನೆಯ ಗೌಡರ ಹೆಂಡತಿ, ಮಡಿಲಲ್ಲಿ ಮದ್ದೂರು ವಡೆಯ ಪೊಟ್ಟಣ. ಬೇರೆ ಕಾಲೇಜಿನವರ ಚಿತ್ರ ಬರುವಾಗಲೂ ಇವರದು ಚಪ್ಪಾಳೆ. ನಮ್ಮದು ಬಂತು. ಕೊಪ್ಪರಿಗೆ ಇಳಿಸುವ ದೃಶ್ಯಕ್ಕೆ ಇಂಜಿನ್ನಿನ ತಾಳ ಎದ್ದಿತು, ಅದರ ಮೇಲೆ ಆ ದನಿ. ಸಭಾಂಗಣದಲ್ಲಿ ವಡೆ ಕಡಿಯುವ ಸದ್ದೂ ನಿಂತಿತು. ಯಾರೂ ನಗಲಿಲ್ಲ. ಅವಳ ತಂದೆ ಮಾತ್ರ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಕಣ್ಣು ಮುಚ್ಚಿ, ಎಲ್ಲಾದರೂ ಹೊಡೆತ ತಪ್ಪುತ್ತದೆಯೇ ಎಂದು ಕೇಳುತ್ತಿದ್ದರು. ತಪ್ಪಲಿಲ್ಲ. ಕೊನೆಯ ಪಟ್ಟಿಯಲ್ಲಿ ಅಂತರ್ಜಾಲ ಇರಲಿಲ್ಲ. 'ದನಿ: ನಮ್ಮ ಅಬ್ಬ, ಅವರ ಅನುಮತಿಯಿಂದ' ಎಂದಿತ್ತು. ಗೌಡರ ಹೆಂಡತಿ ಅದನ್ನು ಅತ್ತೆಯರಿಗೆ ಗಟ್ಟಿಯಾಗಿ ಓದಿ ಹೇಳಿದರು. ನನಗೆ ಕಣ್ಣು ತುಂಬಿ ಬಂತು, ಸಂತೋಷ ತಡೆಯಲಾಗದೆ ಪಕ್ಕದಲ್ಲಿದ್ದ ಬಾಯಿಮುಂದಿನ ಹುಡುಗನಿಗೆ ಸುಮ್ಮಸುಮ್ಮನೆ ಬೈದೆ.

ಸಿಕ್ಕಿದ್ದು ಸಮಾಧಾನಕರ ಬಹುಮಾನ. ಬೀದಿಯವರಿಗೆ ಅದು ಮೊದಲನೆಯದೇ. ಹೊರಗೆ ಟೆಂಪೊ ಹತ್ತುವಾಗ ಪಂಕ್ಚರ್ ಅಂಗಡಿಯವರು ಅವಳ ತಂದೆಯ ಹೆಗಲ ಮೇಲೆ ಕೈ ಹಾಕಿ, ಆ ಗುನುಗನ್ನು ನನ್ನ ಫೋನಿಗೆ ಕಳಿಸು, ರಿಂಗಿಗೆ ಹಾಕಿಕೊಳ್ಳುತ್ತೀನಿ ಎಂದರು. ಅವಳ ತಂದೆ ಅಲ್ಲೇ ನಿಂತರು. ಸುತ್ತಮುತ್ತಲ ಎಲ್ಲ ಆಲೆಮನೆಯಲ್ಲೂ ಹಾಲು ಕುಡಿದವರು, ಅವರಿಗೆ ಆ ಕಾನೂನನ್ನು ಯಾರೂ ಕಲಿಸಬೇಕಿರಲಿಲ್ಲ.

"ಇಲ್ಲಿ ಕುಂತ್ಕೊಂಡು ಎಷ್ಟ್ ಸಲ ಬೇಕಾದ್ರೂ ಕೇಳ್ಲಾ. ತಕೊಂಡ್ ಓಯ್ತೀನಿ ಅಂದ್ರೆ ಅವಳ್ನ ಕೇಳು. ಪಿಚ್ಚರ್ ಅವಳ್ದು."

ಪಂಕ್ಚರ್ ಅಂಗಡಿಯವರು ತಬ್ಬಿಬ್ಬಾದರು. ಆ ಹುಡುಗಿಯನ್ನು ಎತ್ತಿ ಆಡಿಸಿದವರು ಅವರು. ಒಂದು ಗಳಿಗೆ ಗಡ್ಡ ಕೆರೆದುಕೊಂಡು ಅವಳ ಕಡೆ ತಿರುಗಿ, ತಕೊಳ್ಳಬೋದೇನಮ್ಮ ಎಂದು ಕೇಳಿದರು. ಅವಳು ಅಬ್ಬನ ಮುಖ ನೋಡಿದಳು, ಅವರು ತಲೆಯಾಡಿಸಿದರು. ಅಂಚು ಒಡೆದ ಆ ಫೋನನ್ನು ಎಲ್ಲರ ಎದುರಿಗೇ ತೆಗೆದಳು.

"ಕೇಳುದ್ರಲ್ಲ ಚಾಚಾ," ಎಂದಳು, "ತಕೊಳಿ."